ಬೋನಾಳದ ಹೆಬ್ಬಾತು ಮತ್ತು ಹಕ್ಕಿಜ್ವರದ ಗುಲ್ಲು

ಚಳಿ ಶುರುವಾದರೆ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಸುರಪುರದ ನಾಯಕ ಅರಸರ ಕಾಲದ ಕೆರೆ ಇದು. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುಧಾರಿಸಿದ ಕೆರೆಯೂ ಹೌದು. ಹೆಬ್ಬಾತು ಇಳಿದ ದಿನಗಳಲ್ಲೇ ಟಿವಿಯಲ್ಲಿ ಎಲ್ಲೋ ಕೋಳಿ ಸತ್ತ ಸುದ್ದಿ ಬಂತೋ, ಚಹಾದ ಅಂಗಡಿಯಲ್ಲಿ ತೀರ್ಪು ಹೊರಟೇಬಿಡುತ್ತದೆ: "ಎಲ್ಲಿಂದಲೋ ಬರ್ತಾವ್ರೀ ಇವು, ಬರೂಮುಂದ ರೋಗಾನೂ ಹೊತ್ಕೊಂಡು ಬರ್ತಾವ."

ಈ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಇದನ್ನು ತಿದ್ದುವುದು ಕಷ್ಟ.

ಕಾಡುಬಾತುಗಳ ಕರುಳಿನಲ್ಲಿ ಫ್ಲೂ ವೈರಸ್ ಹಿಂದಿನಿಂದಲೂ ಇದೆ. ಅದು ಸೌಮ್ಯ ಬಗೆಯದು, ಹಕ್ಕಿಗೆ ನೆಗಡಿಯಷ್ಟೂ ತೊಂದರೆ ಕೊಡುವುದಿಲ್ಲ. ಹಿಕ್ಕೆಯ ಜೊತೆ ನೀರಿಗೆ ಸೇರಿ, ಆ ನೀರು ಕುಡಿದ ಇನ್ನೊಂದು ಬಾತಿಗೆ ದಾಟಿಕೊಂಡು ಬದುಕುತ್ತದೆ. ಇದೇ ವೈರಸ್ ಸಾವಿರಾರು ಕೋಳಿಗಳನ್ನು ಒತ್ತೊತ್ತಾಗಿ ಸಾಕಿದ ಜಾಗಕ್ಕೆ ಹೊಕ್ಕಾಗ ರೂಪ ಬದಲಿಸಿ ಮಾರಕವಾಗಬಲ್ಲದು. ಇಂದು ಜಗತ್ತು ಸುತ್ತುತ್ತಿರುವ ಹಕ್ಕಿಜ್ವರದ ವೈರಸ್ ಎಚ್5ಎನ್1 ವಂಶದ ಮೂಲ 1996ರಲ್ಲಿ ಸಿಕ್ಕಿದ್ದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ, ಕಾಡಿನ ಹಕ್ಕಿಯಲ್ಲಲ್ಲ. ಮುಂದೆ 2005ರ ಮೇ ತಿಂಗಳಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸುಮಾರು 6,000 ಕಾಡುಹಕ್ಕಿಗಳು ಸತ್ತವು. ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತು. ಅಲ್ಲಿ ಸಿಕ್ಕ ವೈರಸ್ಸಿನ ನಂಟು ದಕ್ಷಿಣ ಚೀನಾದ ಕೋಳಿ ಮಾರುಕಟ್ಟೆಗಳಿಗೆ ಕೂಡಿತು. 2020ರ ಡಿಸೆಂಬರ್ ಕೊನೆಗೆ ಹಿಮಾಚಲ ಪ್ರದೇಶದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಹೀಗೇ ಸಾವಿರಾರು ಹಕ್ಕಿಗಳು ಸತ್ತಾಗಲೂ ದಂಡೆಯ ತುಂಬ ಬಿದ್ದಿದ್ದು ಬಹುಪಾಲು ಇದೇ ಜಾತಿ. ಬೋನಾಳದ ಅತಿಥಿಯನ್ನು ಅಪರಾಧಿ ಎನ್ನುವ ಮೊದಲು ಈ ಎರಡು ದಂಡೆಗಳನ್ನು ನೆನೆಯಬೇಕು.

ಹಾಗಂತ ಹಕ್ಕಿ ನಿರಪರಾಧಿ ಎಂದು ವಾದಿಸುವುದೂ ಇನ್ನೊಂದು ತಪ್ಪು ಕಲ್ಪನೆ. ಪಕ್ಷಿಪ್ರಿಯರಲ್ಲಿ ಇದು ಹೆಚ್ಚು. ಸೋಂಕು ತಗುಲಿ ಲಕ್ಷಣ ಕಾಣುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಹಕ್ಕಿ ಬಹುದೂರ ಹಾರಬಲ್ಲದು. ಕೆಲವು ಬಾತುಗಳಂತೂ ಲಕ್ಷಣವನ್ನೇ ತೋರದೆ ವೈರಸ್ ಉದುರಿಸುತ್ತಾ ಹೋಗುತ್ತವೆ. ಕಡಲಹಕ್ಕಿಗಳ ಮೂಲಕ ಈ ರೋಗ 2024ರ ಹೊತ್ತಿಗೆ ಅಂಟಾರ್ಕ್ಟಿಕಾ ಖಂಡವನ್ನೇ ಮುಟ್ಟಿತು. ಅಲ್ಲಿಗೆ ಯಾರೂ ಕೋಳಿ ಲಾರಿ ಓಡಿಸಿರಲಿಲ್ಲ.

ಆದರೆ ನಮ್ಮ ಭಾಗದಲ್ಲಿ ಲಾರಿ ಓಡುತ್ತದೆ. ಮೊಟ್ಟೆಯ ಟ್ರೇ ಒಂದನ್ನು ಕೈಗೆತ್ತಿಕೊಂಡು ನೋಡಿ. ರಟ್ಟಿನದು, ಮೂವತ್ತು ಕುಳಿ, ಅಂಚಿನಲ್ಲಿ ಒಣಗಿದ ಹಿಕ್ಕೆಯ ಕಲೆ, ಒಂದೆರಡು ಕುಳಿಯಲ್ಲಿ ಒಡೆದ ಮೊಟ್ಟೆಯ ಅಂಟು, ಅದಕ್ಕೆ ಹತ್ತಿದ ಪುಕ್ಕ. ಶಹಾಪುರದ ಅಂಗಡಿಯಲ್ಲಿ ಖಾಲಿಯಾದ ಇಂಥ ಟ್ರೇ ತೊಳೆಯದೆ ಇನ್ನೊಂದು ಫಾರಂ ಸೇರಿದರೆ ವೈರಸ್ಸಿಗೆ ರೆಕ್ಕೆ ಬೇಕಿಲ್ಲ. ಕೋಳಿ ತುಂಬುವ ಪಂಜರ, ಲಾರಿಯ ಗಾಲಿ, ಕೆಲಸದವರ ಚಪ್ಪಲಿ, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಭಾರತದಲ್ಲಿ ಮೊದಲ ಸಲ, 2006ರ ಫೆಬ್ರವರಿಯಲ್ಲಿ, ರೋಗ ದೃಢಪಟ್ಟಿದ್ದು ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ, 2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಕಾಣಿಸಿತು. ಈ ಎಲ್ಲ ಕಡೆ ಸತ್ತದ್ದು ಸಾಕಿದ ಕೋಳಿಗಳು.

ವೈರಸ್ ಮರಳಿ ಕಾಡುಹಕ್ಕಿಗೆ ದಾಟುವ ದಾರಿ ಇನ್ನೂ ಸುಲಭ. ಸತ್ತ ಕೋಳಿಯನ್ನು ಹೂಳದೆ ಕಾಲುವೆಗೋ ತಿಪ್ಪೆಗೋ ಎಸೆದರೆ ಮೊದಲು ಬರುವುದು ಕಾಗೆ. 2020ರ ಡಿಸೆಂಬರ್ ಕೊನೆಯಿಂದ 2021ರ ಜನವರಿಯವರೆಗೆ ಇಂದೋರ್, ಝಾಲಾವಾಡದ ಕಡೆ ರಾಶಿ ರಾಶಿ ಕಾಗೆ ಸತ್ತಾಗ ಕೆಲವರು ಶನಿಕಾಟ ಎಂದರು, ಕೆಲವರು 5ಜಿ ಟವರ್ ಎಂದರು. ಭೋಪಾಲದ ಪ್ರಯೋಗಾಲಯ ಸತ್ತ ಕಾಗೆಗಳಲ್ಲಿ ಫ್ಲೂ ವೈರಸ್ ಕಂಡಿತು. ಟವರಿನ ಮಾತಿಗೆ ಇದಕ್ಕಿಂತ ಹೆಚ್ಚು ಜಾಗ ಕೊಡಬೇಕಾಗಿಲ್ಲ.

ಹಕ್ಕಿಗಳು ಗುಂಪಾಗಿ ಸತ್ತರೆ ಅದು ಹಕ್ಕಿಜ್ವರವೇ ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಉರುಳಿದಾಗ ಎಲ್ಲರ ಬಾಯಲ್ಲೂ ಇದೇ ಹೆಸರು. ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯ ಜಂತುಹುಳ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದ ಸಾವಿರಾರು ಸಾವುಗಳಿಗೆ ಕಾರಣ ಬೊಟುಲಿಸಂ, ಅದು ಬ್ಯಾಕ್ಟೀರಿಯಾದ ವಿಷ. ನಮ್ಮ ಹಿತ್ತಲಿನ ಕೋಳಿಗಳು ಕತ್ತು ತಿರುಚಿಕೊಂಡು ಸಾಯುವ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬೇರೆಯೇ ವೈರಸ್ಸಿನದು, ಅದಕ್ಕೆ ಲಸಿಕೆಯಿದೆ. ಹತ್ತಿ, ಭತ್ತದ ಹೊಲಗಳಿಗೆ ಹೊಡೆದ ಕೀಟನಾಶಕ ತಗುಲಿಯೂ ಹಕ್ಕಿ ಸಾಯುತ್ತದೆ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಮಾದರಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ, ಅಲ್ಲಿಂದ ಭೋಪಾಲಕ್ಕೆ ಹೋಗಿ ಬರಬೇಕು. ಗುಲ್ಲು ಮಾತ್ರ ಅಷ್ಟು ದಿನ ಕಾಯುವುದಿಲ್ಲ.

ಇಲ್ಲಿಯದೇ ಆದ ಒಂದು ಧೈರ್ಯ ಇದೆ: "ನಮ್ ಯಾದಗಿರಿ ಬಿಸಲಿಗೆ ಯಾವ ವೈರಸ್ ಉಳೀತದ?" ಬಿಸಿಲು ವೈರಸ್ಸಿಗೆ ಶತ್ರು ಹೌದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಹಿಕ್ಕೆಯಲ್ಲಿ ಅದು 37 ಡಿಗ್ರಿಯಲ್ಲೂ ಆರು ದಿನ ಉಳಿಯುತ್ತದೆ, 4 ಡಿಗ್ರಿಯಲ್ಲಾದರೆ 35 ದಿನ. ಶೆಡ್ಡಿನೊಳಗಿನ ತಂಪು ನೆರಳಿಗೆ, ಹಸಿ ಹೊಟ್ಟಿಗೆ ಬಿಸಿಲು ಬೀಳುವುದೇ ಇಲ್ಲ. 2020ರಲ್ಲಿ ಮೈಸೂರಿನಲ್ಲೂ ಹರಿಹರದ ಕಡೆಯೂ ರೋಗ ಬಂದದ್ದು ಮಾರ್ಚ್‌ನಲ್ಲಿ.

ಇನ್ನು ಜವಾರಿ ಕೋಳಿ. ಅದಕ್ಕೆ ರೋಗ ಬಡಿಯುವುದಿಲ್ಲ, ಫಾರಂ ಕೋಳಿಗೆ ಮಾತ್ರ ಎಂಬ ಮಾತನ್ನು ಓದಿದವರೂ ಆಡುತ್ತಾರೆ. 2008ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೋಗ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿದ್ದೇ ಹಿತ್ತಲ ಕೋಳಿಗಳಲ್ಲಿ. ಯೋಚಿಸಿದರೆ ಕೆರೆದಂಡೆಯಲ್ಲಿ, ಗದ್ದೆಯಲ್ಲಿ ಕೆದರಿಕೊಂಡು ತಿರುಗುವ ಜವಾರಿ ಕೋಳಿಯೇ ಕಾಡುಬಾತಿನ ಹಿಕ್ಕೆಗೆ ಹತ್ತಿರ.

ತಿನ್ನುವ ಭಯದ ಬಗ್ಗೆ ಉದ್ದ ಬರೆಯಬೇಕಿಲ್ಲ: 70 ಡಿಗ್ರಿಯಲ್ಲಿ ಒಳತನಕ ಬೆಂದ ಮಾಂಸ, ಮೊಟ್ಟೆಯಲ್ಲಿ ವೈರಸ್ ಉಳಿಯದು. ಅಪಾಯ ಇರುವುದು ಹಸಿಯದರಲ್ಲಿ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಹಕ್ಕಿಜ್ವರದಿಂದ ತೀರಿಕೊಂಡಿತು, ಅದು ಹಸಿ ಕೋಳಿಮಾಂಸದ ತುಣುಕು ತಿಂದಿತ್ತು. 2003ರಿಂದ ಈಚೆಗೆ ಜಗತ್ತಿನಲ್ಲಿ ದಾಖಲಾದ ಎಚ್5ಎನ್1 ರೋಗಿಗಳು 900ಕ್ಕೆ ಮೇಲೆ, ಸತ್ತವರು ಅರ್ಧದಷ್ಟು. ಕೊರೊನಾದಂತೆ ಮನುಷ್ಯರಿಂದ ಮನುಷ್ಯರಿಗೆ ಹಬ್ಬುವ ಶಕ್ತಿ ಅದಕ್ಕಿನ್ನೂ ಬಂದಿಲ್ಲ.

ಹಾಗಾದರೆ ಪಟಾಕಿ ಹೊಡೆದು ಹಕ್ಕಿಗಳನ್ನು ಕೆರೆಯಿಂದ ಎಬ್ಬಿಸಿದರೆ? ಒಂದು ಕೆರೆಯಲ್ಲಿದ್ದ ಸೋಂಕು ಹತ್ತು ಕೆರೆಗೆ ಚೆದುರುತ್ತದೆ, ಅಷ್ಟೇ. ಕೆರೆಯಲ್ಲಿ ಸತ್ತ ಹಕ್ಕಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮನೆಯ ಕೋಳಿ ಸತ್ತರೆ ಪಶು ಆಸ್ಪತ್ರೆಗೆ, ಇಲ್ಲವೇ 1962ಕ್ಕೆ ಫೋನು ಮಾಡಬೇಕು. ಹೇಳಿದರೆ ಇರುವ ಕೋಳಿಗಳನ್ನೂ ಕೊಲ್ಲುತ್ತಾರೆ ಎಂದು ಅಂಜಿ ಮುಚ್ಚಿಡುವವರಿದ್ದಾರೆ. ರೋಗ ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಸಾಕುಕೋಳಿಗಳನ್ನು ಕೊಲ್ಲುವುದು ನಿಜ. ಅದಕ್ಕೆ ಪರಿಹಾರವೂ ಇದೆ. ಆದರೆ ಇಲಾಖೆಯವರು ಕೊಂದ ಕೋಳಿಗೆ ಮಾತ್ರ. ಮುಚ್ಚಿಟ್ಟ ಶೆಡ್ಡಿನಲ್ಲಿ ತಾನಾಗಿ ಸತ್ತದ್ದಕ್ಕೆ ಏನೂ ಸಿಗುವುದಿಲ್ಲ.