ಮಳೆಗೆ ಮುಂಚೆ ಮನೆಯ ದುರಸ್ತಿ

ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಗುಡ್ಡಗಳ ನಡುವೆ ಒಂದು ಕೆರೆ. ಅದರ ಬಳಿಯಲ್ಲಿ ಸ್ಕೌಟು ಮತ್ತು ಗೈಡುಗಳ ಶಿಬಿರ. ಬಯಲಿನಲ್ಲಿ ಡೇರೆ ಹೂಡಲು ಕಲಿಯುವ ಬಾಲಕನಿಗೆ ಸ್ಕೌಟು ವಿದ್ಯೆಯಲ್ಲಿ ಹಳೆಯ ಪಾಠವೊಂದುಂಟು: ತಗ್ಗಿನಲ್ಲಿ ಡೇರೆ ಹಾಕಬೇಡ, ಮಳೆ ಬಂದರೆ ನೀರು ಎತ್ತಲಿಂದ ಬಂದು ಎತ್ತ ಹೋಗುವುದೆಂಬುದನ್ನು ಮೊದಲು ನೋಡಿಕೋ. ಬಟ್ಟೆಯ ಮನೆಗೆ ಹೇಳಿದ ಈ ಮಾತು ಹೆಂಚಿನ ಮನೆಗೂ ಮಣ್ಣಿನ ಮನೆಗೂ ಹಾಗೆಯೇ ಸಲ್ಲುತ್ತದೆ. ಈ ದಿನ ನಾನು ಹೇಳಬೇಕೆಂದಿರುವುದೂ ಇಷ್ಟೆ.

ಪಟ್ಟಣದಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದು ಹಳೆಯ ಮನೆಯಿರುತ್ತದೆ. ಅದರಲ್ಲಿ ವಯಸ್ಸಾದ ತಂದೆತಾಯಿಗಳು ಇರುತ್ತಾರೆ. ಬೇಸಿಗೆಯ ರಜದಲ್ಲಿ ನಾವು ಅಲ್ಲಿಗೆ ಹೋಗುತ್ತೇವೆ. ಗೋಡೆಯ ಬುಡ ಉದುರಿದ್ದನ್ನು ನೋಡಿ ಒಂದು ಮೂಟೆ ಸಿಮೆಂಟು ತರಿಸಿ ಮೆತ್ತಿಸಿ, ಕರ್ತವ್ಯ ತೀರಿತೆಂದು ಹಿಂದಿರುಗುತ್ತೇವೆ. ಜೂನ್ ತಿಂಗಳಲ್ಲಿ ಮುಂಗಾರು ಹಿಡಿದ ಮೇಲೆ ಆ ಗೋಡೆಯ ಕೆಳಗೆ ಮಲಗುವವರು ಅವರು, ನಾವಲ್ಲ. ಆದುದರಿಂದ ದುರಸ್ತಿಯನ್ನು ತಿಳಿದು ಮಾಡುವುದು ಬರಿಯ ಮಿತವ್ಯಯದ ಮಾತಲ್ಲ.

ಮೊದಲು ಹೆಂಚನ್ನು ನೋಡೋಣ. ನಾವು ಮಂಗಳೂರು ಹೆಂಚೆಂದು ಕರೆಯುವುದು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಹರಡಿದ ಹೆಂಚು. ಅದರ ಕೆಳಮೈಯಲ್ಲಿರುವ ಉಬ್ಬುಗಳು ರೀಪಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಪಕ್ಕದ ಗೀರುಗಳು ಒಂದರೊಳಗೊಂದು ಕೂಡುತ್ತವೆ. ಹೆಂಚು ಸೀಳಿದರೂ, ಕೋತಿ ಬೆಕ್ಕುಗಳ ಓಡಾಟದಿಂದ ಸರಿದರೂ, ಗೀರಿನಲ್ಲಿ ಎಲೆಕಸ ತುಂಬಿದರೂ ನೀರು ಒಳಗೆ ಬರುವುದು. ಆದರೆ ಹನಿ ಬಿದ್ದ ಜಾಗವೇ ನೀರು ಹೊಕ್ಕ ಜಾಗವೆಂದು ತಿಳಿಯಬಾರದು. ಒಳಹೊಕ್ಕ ನೀರು ಹೆಂಚಿನ ಕೆಳಮೈಯನ್ನೂ ಜಂತಿಯನ್ನೂ ಹಿಡಿದು ಇಳಿಜಾರಿನಲ್ಲಿ ಜಾರಿ, ಎಲ್ಲಿಯೋ ಒಂದು ಗಂಟಿಗೆ ತಡೆದು ಅಲ್ಲಿ ತೊಟ್ಟಿಕ್ಕುತ್ತದೆ. ಕಳ್ಳನು ಹನಿಗಿಂತ ಮೇಲುಗಡೆ ಇದ್ದಾನೆಂದೇ ಹುಡುಕಬೇಕು.

ಹುಡುಕುವ ಉಪಾಯವು ಸುಲಭ. ಬಿಸಿಲಿರುವ ಮಧ್ಯಾಹ್ನ ಬಾಗಿಲು ಕಿಟಕಿಗಳನ್ನು ಮುಚ್ಚಿ, ಒಳಗೆ ಕತ್ತಲೆ ಮಾಡಿ ಮೇಲೆ ನೋಡಿ. ಬೆಳಕು ಚುಕ್ಕೆಯಾಗಿ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಬೆಳಕು ಕಾಣದೆಯೂ ಸೋರುವುದಾದರೆ, ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಹೊರಗಿನಿಂದ ಸೂರಿನ ಕಡೆಯಿಂದ ಮೊದಲುಮಾಡಿ ಸಾಲುಸಾಲಾಗಿ ಮೇಲಕ್ಕೆ ನೀರು ಹಾಕುತ್ತ ಹೋಗಲಿ. ಮೇಲಿನಿಂದ ಮೊದಲುಮಾಡಿದರೆ ಎಲ್ಲ ಸಾಲೂ ನೆನೆದು, ತಪ್ಪು ಯಾವುದರದೆಂದು ತಿಳಿಯದು. ಒಡೆದ ಹೆಂಚನ್ನು ತೆಗೆಯಲು ಅದರ ಮೇಲಿನ ಸಾಲನ್ನು ಕೊಂಚ ಎತ್ತಿ ಹಿಡಿದರೆ ಸಾಕು. ಹೆಂಚಿನ ಮೇಲೆ ಕಾಲಿಡದೆ, ಏಣಿಯನ್ನೊ ಹಲಗೆಯನ್ನೊ ಅಡ್ಡಹಾಸಿ ಬಿಗಿದು ಭಾರವನ್ನು ಹಂಚಬೇಕು. ಒದ್ದೆಯಾಗಿರುವಾಗ ಹತ್ತಬಾರದು, ಒಬ್ಬರೇ ಇರುವಾಗ ಎಂದಿಗೂ ಹತ್ತಬಾರದು.

ಚಿತ್ರದುರ್ಗ, ಬಳ್ಳಾರಿಗಳ ಕಡೆಗೆ ಹೋದಂತೆ ಮಣ್ಣಿನ ಮಾಳಿಗೆಗಳು ಕಾಣುತ್ತವೆ. ಅವುಗಳ ಮೇಲೆ ಹರಡುವ ಕರಲುಮಣ್ಣಿನ ಗುಣವು ವಿಚಿತ್ರವಾದುದು. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ, ನೀರು ಬಿದ್ದೊಡನೆ ಜೇಡಿಯ ಕಣಗಳು ನುಣ್ಣಗೆ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆಗೆ ಶತ್ರುವಾದ ಮಣ್ಣು ಮನೆಯ ಮೇಲೆ ಮಿತ್ರನಾಗುತ್ತದೆ. ಆದರೆ ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಮಣ್ಣನ್ನು ಹೇರುವುದು ಅಪಾಯ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಿದರೂ ತೊಲೆಗಳ ಮೇಲೆ 350 ಕಿಲೋಗ್ರಾಮಿಗೆ ಮೇಲ್ಪಟ್ಟ ಭಾರ ಏರುವುದು. ನೆನೆದಾಗ ಇನ್ನೂ ಹೆಚ್ಚು. ಸಡಿಲವಾದ ಹಳೆಯ ಪದರವನ್ನು ಕೆರೆದು ಕೆಳಗಿಳಿಸಿ, ಆ ಮೇಲೆ ಹೊಸದನ್ನು ಹರಡಿ, ನೀರು ಹೊರಬೀಳುವ ಕಡೆಗೆ ಇಳಿಜಾರು ಕೊಟ್ಟು ಬಡಿಯುವುದು ಸರಿಯಾದ ಕ್ರಮ.

ಇನ್ನು ಗೋಡೆ. ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲಕ್ಕೇರಿಸುವಂತೆ ಮಣ್ಣಿನ ಗೋಡೆ ನೆಲದ ತೇವವನ್ನು ಏರಿಸುತ್ತದೆ. ಮಣ್ಣಿನ ಅಥವಾ ಸುಣ್ಣದ ಗಿಲಾವಿದ್ದರೆ ಆ ತೇವವು ಮೈಯಿಂದ ಆರಿಹೋಗುತ್ತದೆ. ಸಿಮೆಂಟು ಮೆತ್ತಿದೆವೆನ್ನಿ: ಹೊರಗೆ ನೋಡಲು ಗೋಡೆ ಗಟ್ಟಿ, ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ. ಅದು ಮತ್ತಷ್ಟು ಮೇಲಕ್ಕೇರುತ್ತದೆ, ಬುಡದ ಮಣ್ಣು ಮೆತ್ತಗಾಗುತ್ತದೆ. ಗೋಡೆಯ ರೋಗವನ್ನು ವಾಸಿಮಾಡಿದೆವೆಂದು ನಾವು ತಿಳಿದಿರುತ್ತೇವೆ. ಮಾಡಿದ್ದು ಅದನ್ನು ಮರೆಮಾಡಿದ್ದಷ್ಟೆ.

ಆದುದರಿಂದ ಗೋಡೆಯನ್ನು ಮುಟ್ಟುವ ಮೊದಲು ಅದರ ಬುಡವನ್ನು ನೋಡಿ. ಬಚ್ಚಲ ನೀರು ಅಲ್ಲಿ ನಿಲ್ಲುತ್ತಿದೆಯೆ? ಸೂರಿನ ನೀರು ಬಿದ್ದು ಸಿಡಿಯುತ್ತಿದೆಯೆ? ಹಿತ್ತಿಲಿನ ನೆಲ ಮನೆಯ ಕಡೆಗೇ ವಾಲಿದೆಯೆ? ಒಂದು ಗುದ್ದಲಿ ಹಿಡಿದು ನೆಲವನ್ನು ಹೊರಕ್ಕೆ ಇಳಿಜಾರು ಮಾಡಿ, ಸಣ್ಣ ಕಾಲುವೆ ತೆಗೆದು ನೀರನ್ನು ದೂರಕ್ಕೆ ಕಳುಹಿಸಿದರೆ ಅರ್ಧ ದುರಸ್ತಿ ಮುಗಿಯಿತು. ಬಳಿಕ ಉದುರಿದ ಭಾಗಕ್ಕೆ ಗೋಡೆಯದೇ ಜಾತಿಯ ಮಣ್ಣನ್ನು ಜರಡಿ ಹಿಡಿದು, ಕತ್ತರಿಸಿದ ಹುಲ್ಲನ್ನು ಸೇರಿಸಿ, ಕೆಲವು ದಿನ ನೆನೆಹಾಕಿ ತುಳಿದು ಹದಮಾಡಿ. ಅಂಗೈಯಗಲ ಮೆತ್ತಿ ಒಣಗಿಸಿ ಪರೀಕ್ಷಿಸಿ: ಬಿರಿದರೆ ಮರಳು ಸೇರಿಸಬೇಕು, ಉಜ್ಜಿದರೆ ಉದುರುವುದಾದರೆ ಜೇಡಿಮಣ್ಣು ಸೇರಿಸಬೇಕು. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಒಂದೊಂದೇ ಪದರ ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿಯಿರಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿದು ಸಿಡಿಯುವುದರಿಂದ ಕಣ್ಣುಗಳ ವಿಷಯದಲ್ಲಿ ಎಚ್ಚರಿಕೆ, ಮಕ್ಕಳು ಬಳಿಯಲ್ಲಿರಬಾರದು.

ಸ್ವಂತ ಕೈಗಳಿಗೆ ಒಂದು ಎಲ್ಲೆಯಿದೆ. ಗೋಡೆ ಹೊಟ್ಟೆಯುಬ್ಬಿದರೆ, ಮೂಲೆಯ ಬಿರುಕು ದಿನದಿಂದ ದಿನಕ್ಕೆ ಅಗಲವಾದರೆ, ತೊಲೆಯ ತುದಿ ಕೊಳೆತಿದ್ದರೆ, ಒದ್ದೆ ಗೋಡೆಯನ್ನು ಮುಟ್ಟಿದಾಗ ವಿದ್ಯುತ್ತು ಜುಮ್ಮೆಂದರೆ, ಅದು ನಮ್ಮ ಕೆಲಸವಲ್ಲ. ಕೋಣೆಯನ್ನು ಆಗಲೇ ಬರಿದುಮಾಡಿ, ಬಲ್ಲವರನ್ನು ಕರೆಯಿಸಬೇಕು. ಮಳೆ ನಿಂತಿತೆಂದು ಕೂಡಲೆ ಧೈರ್ಯಪಡುವುದೂ ತಪ್ಪು. ನೆನೆದ ಗೋಡೆ ಬಿಸಿಲು ಬಂದ ಮೇಲೆಯೂ ಬೀಳಬಹುದು.

ನೀರನ್ನು ಎದುರಿಸಿ ಗೆದ್ದ ಮನೆಯಿಲ್ಲ. ನೀರಿಗೆ ಹೋಗಲು ದಾರಿ ಬಿಟ್ಟ ಮನೆಗಳು ಮಾತ್ರ ಬಹುಕಾಲ ನಿಂತಿವೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಸಿಮೆಂಟಿನ ಮೂಟೆಗೆ ಮುಂಚೆ ಗುದ್ದಲಿಯನ್ನು ಕೈಗೆ ತೆಗೆದುಕೊಳ್ಳಿ. ಮನೆಯ ಸುತ್ತ ಒಂದು ಪ್ರದಕ್ಷಿಣೆ ಬನ್ನಿ.