ಬಜೆ: ಕೆಸರುಗದ್ದೆಯ ಔಷಧೀಯ ಸಸ್ಯ

ಹೈದರಾಬಾದಿನ ಅಬಿಡ್ಸ್ ಸುತ್ತಿನ ಪೇಟೆಯಲ್ಲಿ ‘ವಸ’ ಎಂದು ಕೇಳಿದರೂ, ಮೈಸೂರಿನ ಗ್ರಂಥಿಗೆ ಅಂಗಡಿಯಲ್ಲಿ ‘ಬಜೆ’ ಎಂದು ಕೇಳಿದರೂ ದೊರೆಯುವ ವಸ್ತು ಒಂದೇ. ಸಂಸ್ಕೃತದಲ್ಲಿ ಇದು ‘ವಚಾ’, ಎಂದರೆ ಮಾತು. ಬಜೆ ನೆಕ್ಕಿದ ಮಗುವಿಗೆ ಮಾತು ಬೇಗ ಬರುವುದೆಂಬ ನಂಬಿಕೆ ಕನ್ನಡ ನಾಡಿನಲ್ಲಿಯೂ ತೆಲುಗು ನಾಡಿನಲ್ಲಿಯೂ ಬೇರೂರಿದೆ. ತೆಲುಗಿನಲ್ಲಂತೂ ಬಾಯಿಬಡುಕರನ್ನು ‘ವಸಪಿಟ್ಟ’ ಎಂದೇ ಕರೆಯುವುದುಂಟು.

ಜನರು ಬೇರೆಂದು ಭಾವಿಸುವ ಬಜೆಯು ವಾಸ್ತವವಾಗಿ ಕೆಸರಿನಲ್ಲಿ ಅಡ್ಡಲಾಗಿ ಹರಡುವ ಕಾಂಡ. ಅಕೋರಸ್ ಕಲಾಮಸ್ ಎಂಬುದು ಇದರ ವೈಜ್ಞಾನಿಕ ನಾಮ. ಹಳ್ಳದ ಅಂಚು, ಜೌಗು ನೆಲಗಳಲ್ಲಿ ತಾನಾಗಿಯೇ ಬೆಳೆಯುವ ಈ ಸಸ್ಯವು ನೋಟಕ್ಕೆ ಜೊಂಡಿನಂತಿದ್ದರೂ, ಕತ್ತಿಯಾಕಾರದ ಎಲೆಯನ್ನು ಹಿಸುಕಿದೊಡನೆ ಹೊಮ್ಮುವ ಸುವಾಸನೆಯಿಂದ ಗುರುತು ಸಿಗುತ್ತದೆ. ಗೆಡ್ಡೆಗಾಗಿ ಗಿಡವನ್ನೇ ಕೀಳಬೇಕಾಗುವುದರಿಂದ, ಜೌಗು ನೆಲವನ್ನು ಬಗೆಯುವುದಕ್ಕಿಂತ ಗದ್ದೆಯಲ್ಲಿ ಬೆಳೆಸುವುದೇ ಮೇಲು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ರೈತರು ಇದನ್ನು ಗದ್ದೆಯ ಬೆಳೆಯಾಗಿ ಬೆಳೆಸಿದ್ದಾರೆ.

ಬೇಸಾಯಕ್ರಮವು ಬತ್ತವನ್ನು ಹೋಲುತ್ತದೆ. ಹಿಂದಿನ ಬೆಳೆಯ ಗೆಡ್ಡೆಗಳನ್ನು ತೇವದ ಮಣ್ಣಿನಲ್ಲಿ ಉಳಿಸಿಕೊಂಡು, ಮೊಳಕೆಯೊಡೆದ ಬಳಿಕ ತುಂಡರಿಸಲಾಗುತ್ತದೆ. ಮಳೆಗಾಲದಲ್ಲಿ ಕೆಸರು ಮಾಡಿದ ಗದ್ದೆಯಲ್ಲಿ ಈ ತುಂಡುಗಳನ್ನು ಸುಮಾರು 30 ಸೆಂ.ಮೀ. ಅಂತರದಲ್ಲಿ, 4ರಿಂದ 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಮೊದಲಲ್ಲಿ 5 ಸೆಂ.ಮೀ., ಅನಂತರ 10 ಸೆಂ.ಮೀ.ನಷ್ಟು ನೀರು ನಿಲ್ಲಿಸಬೇಕು. ಸುಮಾರು ಒಂದು ವರ್ಷದಲ್ಲಿ ಎಲೆ ಹಳದಿಯಾಗಿ ಒಣಗತೊಡಗಿದಾಗ ನೀರು ಬಸಿದು ಗೆಡ್ಡೆ ಅಗೆಯಲಾಗುತ್ತದೆ. ತೊಳೆದು ತುಂಡು ಮಾಡಿದ ಗೆಡ್ಡೆಯನ್ನು ನೆರಳಿನಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಉಜ್ಜಿ ಹೊಟ್ಟು ತೆಗೆಯುವುದು ವಾಡಿಕೆ. ವರ್ಷವಿಡೀ ನೀರಿನ ಆಸರೆಯಿಲ್ಲದವರು ಈ ಬೆಳೆಗೆ ಕೈಹಾಕದಿರುವುದೇ ಲೇಸು.

ಬಳಕೆಯಲ್ಲಿ ಮಾತ್ರ ಎಚ್ಚರಿಕೆ ಅವಶ್ಯಕ. ಬಜೆಯ ತೈಲದಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕವಿದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗಡ್ಡೆಗಳು ಕಂಡುಬಂದ ಕಾರಣ ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಈ ರಾಸಾಯನಿಕದ ಪ್ರಮಾಣವು ತಳಿಯಿಂದ ತಳಿಗೆ ಬಹಳವಾಗಿ ವ್ಯತ್ಯಾಸಗೊಳ್ಳುತ್ತದೆ; ಅಂಗಡಿಯ ತುಂಡನ್ನು ನೋಡಿ ಅದನ್ನು ಅರಿಯಲಾಗದು. ಆಯುರ್ವೇದವೂ ಬಜೆಯನ್ನು ಶುದ್ಧಿಗೊಳಿಸಿದ ಮೇಲೆಯೇ ಔಷಧಕ್ಕೆ ಬಳಸುತ್ತದೆ. ಪ್ರಮಾಣ ಮೀರಿದರೆ ವಾಂತಿಯಾಗುವುದೆಂದು ತಿಳಿಸುತ್ತದೆ. ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲೊಂದೇ ಸಾಕು. ಹಿರಿಯರ ಮಾತಿಗೆ ಕಟ್ಟುಬಿದ್ದು ಬಜೆ ತೇಯ್ದು ನೆಕ್ಕಿಸುವ ಮುನ್ನ ವೈದ್ಯರನ್ನು ವಿಚಾರಿಸಬೇಕು. ಮಗುವಿನ ಕೈಗೆ ಕಟ್ಟುವ ಬಜೆಯ ಸರವೂ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.