ಶೀತಪ್ರದೇಶದ ಮನೆತೋಟಗಳಲ್ಲಿ ಉಷ್ಣವಲಯದ ಸಸ್ಯಗಳ ಪಾಲನೆ

ಬಾಳೆ, ಕೆಸು, ದಾಸವಾಳ, ಕ್ಯಾನಾ, ಕರಿಬೇವು ಮೊದಲಾದ ಉಷ್ಣವಲಯದ ಸಸ್ಯಗಳನ್ನು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ದೇಶಗಳ ಮನೆತೋಟಗಳಲ್ಲಿಯೂ ಬೆಳೆಸುವ ಪದ್ಧತಿಯು ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ರೂಢಿಯಲ್ಲಿದೆ. ಬೇಸಗೆಯಲ್ಲಿ ಈ ಸಸ್ಯಗಳು ಅಲ್ಲಿ ಹುಲುಸಾಗಿಯೇ ಬೆಳೆಯುತ್ತವೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಅವುಗಳ ಜೀವವನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಗಿಡವನ್ನು ಚಳಿಯಿಂದ ಮರೆಮಾಡಿದರೆ ಸಾಕೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಚಳಿಯಿಂದ ಪಾರಾದ ಎಷ್ಟೋ ಗಿಡಗಳು ವಿಶ್ರಾಂತಿಯ ಕಾಲದಲ್ಲಿ ಎರೆದ ನೀರಿನಿಂದ ಕೊಳೆತು ಸಾಯುತ್ತವೆ.

ಹಿನ್ನೆಲೆ

ಯುರೋಪಿನ ಅರಸರು ಹಾಗೂ ಶ್ರೀಮಂತರು ಕಿತ್ತಳೆ, ನಿಂಬೆ ಮುಂತಾದ ಮರಗಳನ್ನು ಚಳಿಗಾಲದಲ್ಲಿ ಇರಿಸಲೆಂದೇ ‘ಆರೆಂಜರಿ’ ಎಂಬ ವಿಶಾಲ ಕಟ್ಟಡಗಳನ್ನು ಕಟ್ಟಿಸುತ್ತಿದ್ದರು. ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಆರೆಂಜರಿಯು ವಾಸ್ತುಶಿಲ್ಪಿ ಜೂಲ್ ಆರ್ಡುಅಁ-ಮಾನ್ಸಾರ್‌ನ ಯೋಜನೆಯಂತೆ 1684 ಮತ್ತು 1686ರ ನಡುವೆ ನಿರ್ಮಾಣವಾಯಿತು. ಮರದ ಪೆಟ್ಟಿಗೆಗಳಲ್ಲಿ ಬೆಳೆದ ಗಿಡಗಳನ್ನು ಶರತ್ಕಾಲದಲ್ಲಿ ಒಳಕ್ಕೂ ವಸಂತದಲ್ಲಿ ಹೊರಕ್ಕೂ ಸಾಗಿಸುವ ಕ್ರಮ ಅಲ್ಲಿ ಇಂದಿಗೂ ಇದೆ. ಇಂಗ್ಲೆಂಡಿನ ಗ್ರೇಟ್ ಡಿಕ್ಸ್‌ಟರ್‌ನಲ್ಲಿ ತೋಟಗಾರ ಹಾಗೂ ಲೇಖಕ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಹಳೆಯ ಗುಲಾಬಿ ತೋಟವನ್ನು ಕೀಳಿಸಿ, ಬಾಳೆ, ಕ್ಯಾನಾ ಮುಂತಾದ ದೊಡ್ಡೆಲೆಯ ಸಸ್ಯಗಳನ್ನು ನೆಡಿಸಿದ್ದು ಈ ಅಭಿರುಚಿಗೆ ಹೊಸ ಜೀವ ಕೊಟ್ಟಿತು.

ಚಳಿಯಿಂದಾಗುವ ಹಾನಿ

ಹಾನಿಯಲ್ಲಿ ಎರಡು ಬಗೆಗಳಿವೆ. ಉಷ್ಣಾಂಶವು ಶೂನ್ಯಕ್ಕಿಂತ ಕೆಳಗಿಳಿದಾಗ ಅಂಗಾಂಶಗಳೊಳಗೆ ಮಂಜುಗಡ್ಡೆಯ ಹರಳುಗಳು ಮೂಡಿ, ಜೀವಕೋಶಗಳು ನೀರನ್ನು ಕಳೆದುಕೊಂಡು ಕುಸಿಯುತ್ತವೆ ಅಥವಾ ಒಡೆಯುತ್ತವೆ. ಮರುದಿನ ಬಿಸಿಲೇರುವ ಹೊತ್ತಿಗೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತವೆ. ಎರಡನೆಯ ಬಗೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅನೇಕ ಉಷ್ಣವಲಯದ ಸಸ್ಯಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ, ಹೆಪ್ಪುಗಟ್ಟದೆಯೇ, ಕೋಶಪೊರೆಗಳ ಕಾರ್ಯ ಕುಂದುತ್ತದೆ. ಬೇರುಗಳು ನೀರು ಹೀರುವುದೂ ಕಡಿಮೆಯಾಗುತ್ತದೆ. ಆಗ ಎರೆದ ನೀರು ಕುಂಡದಲ್ಲಿಯೇ ನಿಲ್ಲುತ್ತದೆ. ಗಿಡ ಬಾಡಿತೆಂದು ಮತ್ತೆ ಎರೆದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಅಮೆರಿಕದ ಕೃಷಿ ಇಲಾಖೆಯು ವರ್ಷದ ಅತಿ ಕಡಿಮೆ ಉಷ್ಣಾಂಶಗಳ ಸರಾಸರಿಯನ್ನು ಆಧರಿಸಿ ಆ ದೇಶವನ್ನು 13 ವಲಯಗಳಾಗಿ ವಿಂಗಡಿಸಿದೆ. ಈ ನಕ್ಷೆಯನ್ನು 2023ರಲ್ಲಿ ಪರಿಷ್ಕರಿಸಲಾಯಿತು. ಯಾವ ಗಿಡ ಹೊರಗೆ ಉಳಿದೀತೆಂದು ಅಂದಾಜಿಸಲು ಇದು ನೆರವಾಗುತ್ತದೆ. ಮಣ್ಣಿನ ತೇವವನ್ನಾಗಲಿ ಚಳಿ ಎಷ್ಟು ದಿನ ಇರುವುದೆಂಬುದನ್ನಾಗಲಿ ಅದು ತಿಳಿಸುವುದಿಲ್ಲ.

ನೆಲದಲ್ಲಿಯೇ ಉಳಿಸುವ ಬಾಳೆ

ಹೊರಗೇ ಉಳಿಯಬಲ್ಲ ಬಾಳೆಗಳಲ್ಲಿ ‘ಜಪಾನಿನ ಬಾಳೆ’ ಎಂದು ಹೆಸರಾದ ಮೂಸಾ ಬಾಸ್ಜೂ ಪ್ರಸಿದ್ಧವಾದುದು. ಇದರ ಮೂಲ ದಕ್ಷಿಣ ಚೀನಾ. ಹಣ್ಣು ತಿನ್ನಲು ಬಾರದು. ಎಲೆಯ ಸೊಬಗಿಗಾಗಿಯೇ ಇದನ್ನು ಬೆಳೆಸುತ್ತಾರೆ. ಹೈಕು ಕವಿ ಮಾತ್ಸುವೊ ಬಾಶೋ ತನ್ನ ಕಾವ್ಯನಾಮವನ್ನು ಪಡೆದದ್ದು ಗುಡಿಸಲಿನ ಮುಂದೆ ನೆಟ್ಟಿದ್ದ ಇಂತಹ ಬಾಳೆಯಿಂದಲೇ. ನಮ್ಮ ಏಲಕ್ಕಿಬಾಳೆ, ರಸಬಾಳೆಗಳಿಗೆ ಇದರಷ್ಟು ಚಳಿ ತಾಳುವ ಶಕ್ತಿ ಇಲ್ಲ.

ಬಾಳೆಯ ಕಂಬವೆಂದು ನಾವು ಕರೆಯುವುದು ನಿಜವಾದ ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡವಾದ ಗೆಡ್ಡೆಯು ನೆಲದೊಳಗೆ ಇರುತ್ತದೆ. ಆದುದರಿಂದ ಕಂಬ ಸತ್ತರೂ ಗೆಡ್ಡೆ ಬದುಕಿದ್ದರೆ ವಸಂತದಲ್ಲಿ ಕಂದುಗಳು ಏಳುತ್ತವೆ. ಕಂಬವೂ ಉಳಿದರೆ ಮುಂದಿನ ಬೇಸಗೆಯಲ್ಲಿ ಗಿಡ ಮತ್ತಷ್ಟು ಎತ್ತರವಾಗುತ್ತದೆ. ಮೊದಲ ಹೆಪ್ಪುಮಂಜಿಗೆ ಎಲೆಗಳು ಕಪ್ಪಾದೊಡನೆ ಅವನ್ನು ಕತ್ತರಿಸಿ, ಕಂಬದ ಸುತ್ತ ತಂತಿಬಲೆಯನ್ನು ನಿಲ್ಲಿಸಿ, ನಡುವೆ ಒಣಹುಲ್ಲು ಅಥವಾ ತರಗೆಲೆಗಳನ್ನು ತುಂಬುತ್ತಾರೆ. ಬುಡಕ್ಕೂ ದಪ್ಪ ಹೊದಿಕೆ ಬೇಕು. ಮೇಲ್ಭಾಗಕ್ಕೆ ಮಳೆನೀರು ಇಳಿಯದಂತೆ ಮುಚ್ಚಳ ಹಾಕಿ, ಬದಿಗಳನ್ನು ಗಾಳಿಯಾಡಲು ಬಿಡಬೇಕು. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದ ಕಂಬ ಒಳಗಿನ ತೇವದಿಂದಲೇ ಕೊಳೆಯುತ್ತದೆ.

ಗೆಡ್ಡೆಗಳು

ಕ್ಯಾನಾ ಮತ್ತು ಕೆಸುವಿನ ಗೆಡ್ಡೆಗಳನ್ನು ಅಗೆದು ತೆಗೆದು, ಮಣ್ಣು ಕೊಡವಿ, ಕೆಲವು ದಿನ ಆರಿಸಿ, ಮರದ ಹೊಟ್ಟಿನಲ್ಲಿಟ್ಟು ಹೆಪ್ಪುಗಟ್ಟದ ಕತ್ತಲೆಯ ಕೋಣೆಯಲ್ಲಿರಿಸುತ್ತಾರೆ. ಕೆಸುವಿಗೆ ಕ್ಯಾನಾಕ್ಕಿಂತ ತುಸು ಬೆಚ್ಚನೆಯ ಜಾಗ ಒಳ್ಳೆಯದು. ತಿಂಗಳಿಗೊಮ್ಮೆ ನೋಡಿ ಕೊಳೆತವನ್ನು ತೆಗೆದುಹಾಕಬೇಕು.

ಮನೆಯೊಳಗಿನ ಕುಂಡಗಳು

ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಸಮೀಪಕ್ಕೆ ಬರುವ ಮೊದಲೇ ಕುಂಡಗಳನ್ನು ಒಳಗೆ ತರಬೇಕು. ಒಳಗೆ ಎದುರಾಗುವ ದೊಡ್ಡ ಕೊರತೆ ಬೆಳಕಿನದು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚಿದ್ದರೆ ಲಂಡನ್ನಿನದು 8 ಗಂಟೆಗೂ ಕಡಿಮೆ. ದಾಸವಾಳದಂಥವು ದಕ್ಷಿಣದ ಕಿಟಕಿಯ ಬಳಿ ಅಥವಾ ಕೃತಕ ಬೆಳಕಿನಲ್ಲಿ ಹಸಿರಾಗಿ ಉಳಿಯುತ್ತವೆ. ದೇವಕಣಗಿಲೆಯು ಎಲೆ ಉದುರಿಸಿ ಮಲಗುತ್ತದೆ. ಅದಕ್ಕೆ ಬಹುಮಟ್ಟಿಗೆ ನೀರೇ ಬೇಡ. ಹೀಟರಿನ ಒಣಗಾಳಿಯಲ್ಲಿ ಕೆಂಪು ನುಸಿ ಬೇಗ ಹೆಚ್ಚುತ್ತದೆ. ಹಿಟ್ಟುತಿಗಣೆ, ಬಿಳಿನೊಣಗಳ ಕಾಟವೂ ಇರುವುದರಿಂದ ಒಳಗೆ ತರುವ ಮುನ್ನವೇ ಎಲೆಗಳ ಅಡಿಭಾಗವನ್ನು ತೊಳೆಯುವುದು ಲೇಸು.

ಕರಿಬೇವು

ವಿದೇಶಗಳಲ್ಲಿರುವ ಕನ್ನಡಿಗರ ಹಾಗೂ ಇತರ ದಕ್ಷಿಣ ಭಾರತೀಯರ ಮನೆಗಳಲ್ಲಿ ಈ ಪಾಲನೆಗೆ ಮುಖ್ಯ ಕಾರಣ ಕರಿಬೇವು. ಒಗ್ಗರಣೆಗೆ ಬೇಕಾದ ಈ ಗಿಡವು ನಿಂಬೆಯ ಕುಟುಂಬಕ್ಕೆ ಸೇರಿದೆ. ಸಿಟ್ರಸ್ ತೋಟಗಳನ್ನು ನಾಶಪಡಿಸುವ ‘ಗ್ರೀನಿಂಗ್’ ರೋಗವನ್ನು ಹರಡುವ ಸಿಲ್ಲಿಡ್ ಕೀಟಕ್ಕೆ ಕರಿಬೇವೂ ಆಶ್ರಯವಾದುದರಿಂದ, ಅಮೆರಿಕದಲ್ಲಿ ಕೀಟವಿರುವ ಪ್ರದೇಶಗಳಿಂದ ಈ ಗಿಡಗಳನ್ನು ಸಾಗಿಸಲು ನಿರ್ಬಂಧಗಳಿವೆ. ಹೀಗಾಗಿ ಸತ್ತ ಗಿಡದ ಬದಲು ಇನ್ನೊಂದನ್ನು ಪಡೆಯುವುದು ಎಲ್ಲೆಡೆ ಸುಲಭವಲ್ಲ.

ಬೆಳಕೂ ಬೆಚ್ಚನೆಯೂ ಕಡಿಮೆಯಾದಾಗ ಕರಿಬೇವು ಎಲೆಗಳನ್ನು ಹಳದಿಯಾಗಿಸಿ ಉದುರಿಸುತ್ತದೆ. ಇದು ಸಾವಲ್ಲ, ಸುಪ್ತಾವಸ್ಥೆ. ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಅಡಿಯಲ್ಲಿ ಹಸಿರು ಕಂಡರೆ ಗಿಡ ಬದುಕಿದೆ. ಈ ಸ್ಥಿತಿಯಲ್ಲಿ ಗೊಬ್ಬರ ಹಾಕಬಾರದು. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲಷ್ಟೇ ಸ್ವಲ್ಪ ನೀರೆರೆಯಬೇಕು. ಹೊಸ ಚಿಗುರು ಕಾಣಿಸಿದ ನಂತರ ನೀರನ್ನು ಕ್ರಮೇಣ ಹೆಚ್ಚಿಸಬಹುದು.

ಮತ್ತೆ ಹೊರಗೆ

ಹೆಪ್ಪುಮಂಜಿನ ಭಯ ಪೂರ್ಣ ಕಳೆದ ಬಳಿಕ, ಬಹುತೇಕ ಕಡೆ ಮೇ ತಿಂಗಳಲ್ಲಿ, ಕುಂಡಗಳನ್ನು ಮೊದಲು ನೆರಳಿನಲ್ಲಿ ಕೆಲವೇ ಗಂಟೆ ಇರಿಸಿ, ಒಂದೆರಡು ವಾರಗಳಲ್ಲಿ ಬಿಸಿಲಿಗೆ ಒಗ್ಗಿಸಬೇಕು. ಮನೆಯೊಳಗೆ ಬೆಳೆದ ಎಲೆಗಳು ನೇರ ಬಿಸಿಲಿಗೆ ಒಂದೇ ದಿನದಲ್ಲಿ ಸುಟ್ಟು ಬಿಳಿಚಿಕೊಳ್ಳುತ್ತವೆ.